ಕಾಲೇಜಿನ ಬ್ಲಾಗ್ ಕೆಟ್ಟಾಗ ಎಲ್ಲಿಂದ ನೋಡಬೇಕು: ದೋಷ ನಿವಾರಣೆ ಕೈಪಿಡಿ

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಅಂತಲೇ ಬ್ಲಾಗ್ ಸೇವೆ ಶುರು ಮಾಡಿದವರಿಗಾಗಿ ಇದನ್ನು ಬರೆದಿದ್ದೇನೆ. ವಿಜಯಪುರದ ಒಂದು ಕಾಲೇಜಿನಲ್ಲಿ ಇಂಥ ಸೇವೆ ನೋಡಿಕೊಳ್ಳುವುದು ನನ್ನ ಕೆಲಸ. ನಾವು ಬಳಸುವುದು ವರ್ಡ್‌ಪ್ರೆಸ್ ಮಲ್ಟಿಸೈಟ್. ಒಂದೇ ಕಡೆ ವರ್ಡ್‌ಪ್ರೆಸ್ (ಬ್ಲಾಗ್ ನಡೆಸುವ ಸಾಫ್ಟ್‌ವೇರ್) ಹಾಕಿ, ಅದರೊಳಗೆ ಎಷ್ಟು ಜನರಿಗೆ ಬೇಕೋ ಅಷ್ಟು ಬ್ಲಾಗ್ ಕೊಡುವ ಏರ್ಪಾಡು ಅದು. 2010ರಲ್ಲಿ ಬಂದ 3.0 ಆವೃತ್ತಿಯಿಂದ ಇದು ವರ್ಡ್‌ಪ್ರೆಸ್‌ನಲ್ಲೇ ಸೇರಿದೆ. ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಇಲ್ಲಿನ ಅರ್ಧಕ್ಕಿಂತ ಹೆಚ್ಚು ಮಾತು ಉಪಯೋಗಕ್ಕೆ ಬರುತ್ತದೆ.

ಗುಳೇದಗುಡ್ಡದ ಹುಡುಗಿ ಅಜ್ಜಿಯ ಬಾಯಿಂದ ಖಣದ ಮಗ್ಗದ ಕಥೆ ಕೇಳಿ ಬರೆದಿರುತ್ತಾಳೆ. ಅದರ ಇನ್ನೊಂದು ಪ್ರತಿ ಎಲ್ಲೂ ಇರುವುದಿಲ್ಲ. ಹಾಗಾಗಿ ಯಾವ ದೋಷ ಬಂದರೂ ಸರ್ವರ್ ಮುಟ್ಟುವ ಮುಂಚೆ ಬ್ಯಾಕಪ್ ತೆಗೆದುಕೊಳ್ಳಿ. ಡೇಟಾಬೇಸ್, ಅಪ್‌ಲೋಡ್ ಫೋಲ್ಡರ್, ಕಾನ್ಫಿಗ್ (ಸೆಟ್ಟಿಂಗ್‌ಗಳ) ಫೈಲ್, ಮೂರೂ ಬೇಕು. ಡೇಟಾಬೇಸ್ ಮಾತ್ರ ತೆಗೆದುಕೊಂಡರೆ ಬರಹ ಉಳಿಯುತ್ತದೆ, ಫೋಟೋ ಹೋಗುತ್ತದೆ. ಬ್ಯಾಕಪ್ ಅದೇ ಸರ್ವರ್‌ನ ಅದೇ ಡಿಸ್ಕ್‌ನಲ್ಲಿ ಇಟ್ಟರೆ ಅದು ಬ್ಯಾಕಪ್ ಅಲ್ಲ.

ಇನ್ನೊಂದು ಮಾತು. ಸೂಪರ್ ಅಡ್ಮಿನ್‌ಗೆ, ಅಂದರೆ ಇಡೀ ಸೇವೆಯ ಅಧಿಕಾರ ಇರುವವರಿಗೆ, ಎಲ್ಲ ವಿದ್ಯಾರ್ಥಿಗಳ ಡ್ರಾಫ್ಟ್‌ಗಳೂ ಕಾಣುತ್ತವೆ. ಇನ್ನೂ ಪ್ರಕಟಿಸದ ಬರಹ ಅವರ ಖಾಸಗಿ ವಿಷಯ. ಪರೀಕ್ಷೆ ಮಾಡಲು ನಿಮ್ಮದೇ ಒಂದು ಟೆಸ್ಟ್ ಬ್ಲಾಗ್ ಇಟ್ಟುಕೊಳ್ಳಿ, ಅವರದ್ದನ್ನು ತೆರೆಯಬೇಡಿ.

"ಸರ, ಬ್ಲಾಗ್ ಓಪನ್ ಆಗವಲ್ದ್ರಿ"

ಅತಿ ಜಾಸ್ತಿ ಬರುವ ದೂರು ಇದೇ. ಇದರಲ್ಲಿ ಹತ್ತು ಬೇರೆ ಬೇರೆ ದೋಷ ಅಡಗಿರಬಹುದು. ಮೊದಲು ಎರಡು ಪ್ರಶ್ನೆ ಕೇಳಿ: ನಿನ್ನ ಬ್ಲಾಗ್ ಒಂದೇನಾ, ಗೆಳೆಯರದ್ದೂ ಹೀಗೇನಾ? ಕಾಲೇಜಿನ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿದೆಯಾ?

ಖರ್ಚಿಲ್ಲದ ಈ ಎರಡು ಪ್ರಶ್ನೆಯಿಂದ ಅರ್ಧ ಕೆಲಸ ಮುಗಿಯುತ್ತದೆ. ಮೊಬೈಲ್ ಡೇಟಾದಲ್ಲಿ ತೆರೆದು ಕಾಲೇಜಿನೊಳಗೆ ತೆರೆಯದಿದ್ದರೆ ವರ್ಡ್‌ಪ್ರೆಸ್ ಸರಿಯಾಗೇ ಇದೆ. ಸರ್ವರ್ ಕಾಲೇಜಿನೊಳಗೇ ಇದ್ದರೆ, ಹೊರಗಿನ ಐಪಿ ವಿಳಾಸದ ಮೂಲಕ ಸುತ್ತಿ ಬರಲು ರೂಟರ್ ಬಿಡುತ್ತಿಲ್ಲ ಎಂದು ಹೆಚ್ಚಾಗಿ ಅರ್ಥ. ಕಾಲೇಜಿನ ಒಳಗಿನ ಡಿಎನ್‌ಎಸ್‌ನಲ್ಲಿ (ಸೈಟ್ ಹೆಸರಿಗೆ ಐಪಿ ವಿಳಾಸ ಹೇಳುವ ಪಟ್ಟಿ) ಬ್ಲಾಗ್‌ನ ಹೆಸರಿಗೆ ಒಳಗಿನ ವಿಳಾಸ ಕೊಟ್ಟರೆ ಸರಿಹೋಗುತ್ತದೆ. ಅದೇ ಕಾಲೇಜಿನೊಳಗೆ ಮಾತ್ರ ತೆರೆದು ಮನೆಯಲ್ಲಿ ತೆರೆಯದಿದ್ದರೆ ಫೈರ್‌ವಾಲ್ ಅಥವಾ ಹೊರಗಿನ ಡಿಎನ್‌ಎಸ್ ನೋಡಿ.

ಹಳೆಯ ಬ್ಲಾಗ್‌ಗಳೆಲ್ಲ ತೆರೆದು, ಹೊಸದಾಗಿ ಮಾಡಿದ ಬ್ಲಾಗ್ ಮಾತ್ರ ಸಿಗದಿದ್ದರೆ? ಪ್ರತಿ ವಿದ್ಯಾರ್ಥಿಗೂ ಸಬ್‌ಡೊಮೇನ್ (ಮುಖ್ಯ ವಿಳಾಸದ ಆರಂಭಕ್ಕೆ ಅವರ ಹೆಸರು ಸೇರಿಸಿದ ವಿಳಾಸ) ಕೊಡುವ ಕ್ರಮದಲ್ಲಿ ಇದು ಆಗುತ್ತದೆ. ಡಿಎನ್‌ಎಸ್‌ನಲ್ಲಿ ಎಲ್ಲ ಹೆಸರಿಗೂ ಒಂದೇ ಆಗುವ ನಕ್ಷತ್ರ ಚಿಹ್ನೆಯ ವೈಲ್ಡ್‌ಕಾರ್ಡ್ ದಾಖಲೆ ಇರಬೇಕು. ಇಲ್ಲದಿದ್ದರೆ ಒಂದೊಂದು ಹೆಸರನ್ನೂ ಕೈಯಿಂದ ಸೇರಿಸುತ್ತಾ ಕೂಡಬೇಕಾಗುತ್ತದೆ. ಫೋಲ್ಡರ್ ಹೆಸರಿನಲ್ಲಿ ಬ್ಲಾಗ್ ಕೊಡುವ ಕ್ರಮದಲ್ಲಿ ಲಕ್ಷಣ ಬೇರೆ. ಪುಟ ಬರುತ್ತದೆ, ಆದರೆ ಬಣ್ಣ, ವಿನ್ಯಾಸ ಏನೂ ಇಲ್ಲದೆ ಬರೀ ಅಕ್ಷರ ಮತ್ತು ನೀಲಿ ಲಿಂಕುಗಳು ಸಾಲಾಗಿ ಕಾಣುತ್ತವೆ. ಇಲ್ಲವೇ 404 (ಪುಟ ಸಿಗಲಿಲ್ಲ) ಬರುತ್ತದೆ. ಇದು ರಿರೈಟ್ ನಿಯಮಗಳ, ಅಂದರೆ ಬಂದ ವಿಳಾಸವನ್ನು ಸರಿಯಾದ ಪುಟಕ್ಕೆ ತಿರುಗಿಸುವ ನಿಯಮಗಳ ದೋಷ. ಒಂದೇ ಸೈಟಿಗೆ ಇರುವ ನಿಯಮ ಮಲ್ಟಿಸೈಟ್‌ಗೆ ಸಾಲದು. ಅಡ್ಮಿನ್‌ನ ನೆಟ್‌ವರ್ಕ್ ಸೆಟಪ್ ಪುಟದಲ್ಲೇ ಸರಿಯಾದ ಸಾಲುಗಳಿವೆ, ಅವನ್ನೇ ಹಾಕಿ. ನಿಮ್ಮ ವೆಬ್ ಸರ್ವರ್ (ಪುಟ ಕಳಿಸುವ ಸಾಫ್ಟ್‌ವೇರ್) ಅಪಾಚೆ ಆದರೆ ಅದಕ್ಕೆ ಎಚ್‌ಟಿಆಕ್ಸೆಸ್ ಎಂಬ ನಿಯಮಗಳ ಫೈಲ್ ಓದಲು ಅನುಮತಿ ಇದೆಯೇ ಎಂದೂ ನೋಡಿ. ಎಂಜಿನ್ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್ ಆ ಫೈಲನ್ನು ನೋಡುವುದೇ ಇಲ್ಲ, ನಿಯಮವನ್ನು ಅದರ ಸ್ವಂತ ಕಾನ್ಫಿಗ್‌ನಲ್ಲಿ ಬರೆಯಬೇಕು.

ಎಲ್ಲ ಬ್ಲಾಗ್‌ಗಳೂ ಒಟ್ಟಿಗೆ ಬಿದ್ದು, ಡೇಟಾಬೇಸ್ ಸಂಪರ್ಕ ಸಿಗುತ್ತಿಲ್ಲ ಎಂಬ ಸಾಲು ಬಂದರೆ ಮೊದಲು ಡಿಸ್ಕ್‌ನಲ್ಲಿ ಜಾಗ ಇದೆಯೇ ನೋಡಿ. ಪಾಸ್‌ವರ್ಡ್ ಯಾರೂ ಬದಲಿಸದಿದ್ದರೆ ಹೆಚ್ಚಿನ ಸಲ ಡಿಸ್ಕ್ ಪೂರ್ತಿ ತುಂಬಿರುತ್ತದೆ, ಅಥವಾ ಮೆಮೊರಿ ಸಾಲದೆ ಸರ್ವರ್‌ನ ಲಿನಕ್ಸ್ ತಾನೇ ಡೇಟಾಬೇಸ್ ನಡೆಸುವ ಮೈಎಸ್‌ಕ್ಯೂಎಲ್ ಅನ್ನು ನಿಲ್ಲಿಸಿರುತ್ತದೆ. ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗ್ (ಆದ ಬದಲಾವಣೆಗಳ ದಾಖಲೆ) ತಾನಾಗೇ ಆನ್ ಇರುತ್ತದೆ, 30 ದಿನದ್ದನ್ನು ಕೂಡಿಟ್ಟುಕೊಳ್ಳುತ್ತದೆ. ಜಾಗ ತಿನ್ನುವುದು ಬಹಳ ಸಲ ಅದೇ. ಆ ಫೈಲ್‌ಗಳನ್ನು ನೇರವಾಗಿ ಅಳಿಸಬೇಡಿ. ಮೈಎಸ್‌ಕ್ಯೂಎಲ್‌ನ ಒಳಗಿಂದಲೇ ಪರ್ಜ್ ಆದೇಶ ಕೊಟ್ಟು ತೆಗೆಯಿರಿ. ಹೊರಗಿಂದ ಅಳಿಸಿದರೆ ಅದರ ಲೆಕ್ಕ ತಪ್ಪಿ ಮತ್ತೆ ಏಳುವಾಗ ತಕರಾರು ಮಾಡುತ್ತದೆ.

ಬಿಳಿ ಪುಟ ಅಥವಾ "ಕ್ರಿಟಿಕಲ್ ಎರರ್" ಎಂಬ ಸಾಲು ಬಂದರೆ ಪ್ಲಗಿನ್ (ಸೇರಿಸಿಕೊಂಡ ಸೌಲಭ್ಯ) ಅಥವಾ ಥೀಮ್ (ವಿನ್ಯಾಸ) ಕಡೆ ನೋಡಿ. 2019ರ 5.2 ಆವೃತ್ತಿಯಿಂದ ಒಂಟಿ ವರ್ಡ್‌ಪ್ರೆಸ್ ಸೈಟ್‌ಗಳಿಗೆ ರಿಕವರಿ ಲಿಂಕ್ ಮೇಲ್‌ಗೆ ಬರುತ್ತದೆ. ಮಲ್ಟಿಸೈಟ್‌ನಲ್ಲಿ ಅದು ಬರುವುದಿಲ್ಲ, ಅದಕ್ಕಾಗಿ ಕಾಯುತ್ತಾ ಕೂಡಬೇಡಿ. ಕೊನೆಯಲ್ಲಿ ಅಪ್‌ಡೇಟ್ ಆದ ಪ್ಲಗಿನ್ ಯಾವುದು ಎಂದು ನೋಡಿ, ಅದರ ಫೋಲ್ಡರ್‌ನ ಹೆಸರು ಬದಲಿಸಿ. ವರ್ಡ್‌ಪ್ರೆಸ್‌ಗೆ ಅದು ಸಿಗದೆ ಪಕ್ಕಕ್ಕೆ ಬಿಡುತ್ತದೆ. ಆಗಲೂ ಗೊತ್ತಾಗದಿದ್ದರೆ ಡಿಬಗ್ ಲಾಗ್ (ತಪ್ಪುಗಳ ದಾಖಲೆ) ಆನ್ ಮಾಡಿ. ಆದರೆ ತಪ್ಪುಗಳನ್ನು ಪರದೆಯ ಮೇಲೆ ತೋರಿಸುವ ಆಯ್ಕೆ ಆಫ್ ಇರಲಿ. ಆ ಲಾಗ್ ಫೈಲ್ ಮಾಮೂಲಿ ಜಾಗದಲ್ಲಿದ್ದರೆ ಹೊರಗಿನವರೂ ಬ್ರೌಸರ್‌ನಲ್ಲಿ ತೆರೆಯಬಹುದು. ಕೆಲಸ ಮುಗಿದ ಕೂಡಲೇ ಆಫ್ ಮಾಡಿ, ಫೈಲ್ ತೆಗೆಯಿರಿ.

"ಮುಂಜಾನೆ ಛಲೋ ಇತ್ತರಿ, ಮಧ್ಯಾಹ್ನ ಬಂದ್ ಆತು"

ಸರ್ವರ್ ಕಾಲೇಜಿನ ಕೋಣೆಯಲ್ಲೇ ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕೋಣೆ, ಪಕ್ಕದಲ್ಲಿ ಯುಪಿಎಸ್, ಮೇಲೆ ತಗಡಿನ ಚಾವಣಿ ಇದ್ದರಂತೂ ಕೇಳುವುದೇ ಬೇಡ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ಮೊದಲು ವೇಗ ತಗ್ಗಿಸುತ್ತದೆ, ಆಮೇಲೆ ಯಂತ್ರ ತಾನೇ ಆಫ್ ಆಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು, ಎರಡರಿಂದ ನಾಲ್ಕರ ನಡುವೆ ನಿಧಾನವಾಗಿ, ಆಮೇಲೆ ನಿಂತರೆ ವರ್ಡ್‌ಪ್ರೆಸ್‌ನಲ್ಲಿ ಹುಡುಕಬೇಡಿ.

ಯಂತ್ರದ ಹಿಂಭಾಗಕ್ಕೆ ಕೈ ಹಿಡಿದು ನೋಡಿ. ಗಾಳಿ ಬರುತ್ತಿಲ್ಲ ಅಂದರೆ ಫ್ಯಾನ್ ಸಿಕ್ಕಿಕೊಂಡಿದೆ ಅಥವಾ ಜಾಲರಿಗೆ ಧೂಳು ಕಟ್ಟಿದೆ. ಪ್ಲಗ್ ಪೂರ್ತಿ ತೆಗೆದ ಮೇಲೆಯೇ ಕವಚ ಬಿಚ್ಚಿ ಧೂಳು ತೆಗೆಯಿರಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಯುಪಿಎಸ್ ಒಳಗೂ ಕೈ ಹಾಕಬಾರದು. ಬ್ಯಾಟರಿ ಉಬ್ಬಿದ್ದರೆ, ಹುಳಿ ವಾಸನೆ ಬಂದರೆ, ಯಂತ್ರ ಮುಟ್ಟಿದಾಗ ಜುಮ್ ಎಂದರೆ ಅಲ್ಲಿಗೇ ನಿಲ್ಲಿಸಿ. ಕೈಯನ್ನು ಯಂತ್ರಕ್ಕೆ ತಾಗಿಸದೆ, ಗೋಡೆಯ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ಗೆ ಹೇಳಿ ಅರ್ಥಿಂಗ್ ನೋಡಿಸಿ. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಂತೂ ಈ ಕೆಲಸ ಸಡಿಲ ಬಿಡಬಾರದು.

"ಅಕೌಂಟ್ ಮೇಲ್ ಬಂದಿಲ್ರಿ"

ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಆಮೇಲೆ ಮೇಲ್ ವಿಳಾಸವನ್ನು ಅವರ ಕೈಯಿಂದಲೇ ಕಾಗದದ ಮೇಲೆ ಬರೆಸಿ, ನಮೂದಾದ ವಿಳಾಸದ ಜೊತೆ ಹೋಲಿಸಿ. ಕಾಮ್ ಬದಲು ಕಾನ್ ಬಿದ್ದಿರುವುದು ತುಂಬ ಸಾಮಾನ್ಯ. ಒಬ್ಬಿಬ್ಬರದ್ದೇ ತೊಂದರೆ ಆದರೆ ಸೂಪರ್ ಅಡ್ಮಿನ್ ಆಗಿ ನೀವೇ ಬಳಕೆದಾರರನ್ನು ಸೇರಿಸಿ, ದೃಢೀಕರಣ ಮೇಲ್ ಬೇಡ ಎಂಬ ಗುರುತು ಹಾಕಿ.

ಇಡೀ ತರಗತಿಗೇ ಬಂದಿಲ್ಲ ಎಂದರೆ ಸರ್ವರ್‌ನಿಂದ ಮೇಲ್ ಹೊರಗೇ ಹೋಗುತ್ತಿಲ್ಲ, ಅಥವಾ ಹೋದದ್ದನ್ನು ಜಿಮೇಲ್ ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಎಷ್ಟೋ ಕ್ಲೌಡ್ ಸೇವೆಗಳು ಮೇಲ್ ಹೊರಹೋಗುವ 25ನೇ ಪೋರ್ಟ್ ಮುಚ್ಚಿಡುತ್ತವೆ. ವರ್ಡ್‌ಪ್ರೆಸ್ ನೇರವಾಗಿ ಮೇಲ್ ಕಳಿಸುವ ಬದಲು, ಕಾಲೇಜಿನ ಮೇಲ್ ಖಾತೆಯಿಂದ 587ನೇ ಪೋರ್ಟ್ ಮೂಲಕ ಎಸ್‌ಎಂಟಿಪಿ ಎಂಬ ಮೇಲ್ ಕ್ರಮದಲ್ಲಿ ಕಳಿಸುವಂತೆ ಮಾಡಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವವರೆಲ್ಲರ ಡೊಮೇನ್‌ಗೂ ಎಸ್‌ಪಿಎಫ್ ಅಥವಾ ಡಿಕಿಮ್ (ಮೇಲ್ ಅಸಲಿ ಎಂದು ತೋರಿಸುವ) ದಾಖಲೆ ಇರಲೇಬೇಕು. ಎರಡೂ ಇದ್ದರೆ ಇನ್ನೂ ಒಳ್ಳೆಯದು.

ಮೇಲ್‌ನ ಮಾತೇ ಬರದೆ, ಫಾರಂ ತುಂಬುವಾಗಲೇ ಹೆಸರು ತೆಗೆದುಕೊಳ್ಳದಿದ್ದರೆ ಅದು ದೋಷ ಅಲ್ಲ, ನಿಯಮ. ಮಲ್ಟಿಸೈಟ್‌ನಲ್ಲಿ ಬಳಕೆದಾರರ ಹೆಸರು ಇಂಗ್ಲಿಷ್‌ನ ಸಣ್ಣ ಅಕ್ಷರ ಮತ್ತು ಅಂಕಿಗಳಲ್ಲೇ ಇರಬೇಕು, ಕನಿಷ್ಠ ನಾಲ್ಕು ಅಕ್ಷರ ಬೇಕು. ದೊಡ್ಡ ಅಕ್ಷರದ ಯುಎಸ್‌ಎನ್ (ರಿಜಿಸ್ಟರ್ ನಂಬರ್) ಹಾಕಿದರೆ ಬೇಡ ಅನ್ನುತ್ತದೆ. ಬ್ಲಾಗ್‌ನ ಹೆಸರಿನಲ್ಲಿ ಬರೀ ಅಂಕಿ ಇದ್ದರೂ ಒಪ್ಪುವುದಿಲ್ಲ. ನನ್ನನ್ನು ಕೇಳಿದರೆ ರಿಜಿಸ್ಟರ್ ನಂಬರನ್ನು ಬ್ಲಾಗ್ ವಿಳಾಸಕ್ಕೆ ಬಳಸಲೇಬಾರದು. ಆ ವಿಳಾಸ ಊರಿಗೆಲ್ಲ ಕಾಣುತ್ತದೆ, ಅದೇ ನಂಬರ್ ಹಾಕಿ ಯಾರು ಬೇಕಾದರೂ ಆ ವಿದ್ಯಾರ್ಥಿಯ ಫಲಿತಾಂಶ ಹುಡುಕಬಹುದು.

"ಕನ್ನಡ ಎಲ್ಲಾ ಏನೇನೋ ಆಗೇತ್ರಿ"

ನಮ್ಮ ಭಾಗದ ಬ್ಲಾಗ್ ಸೇವೆಗೆ ಇದಕ್ಕಿಂತ ಮುಖ್ಯ ದೋಷ ಇಲ್ಲ. ಏನೇನೋ ಅಂದರೆ ಏನು ಎಂದು ಪರದೆಯ ಹತ್ತಿರ ಹೋಗಿ ನೋಡಿ. ಕೆಟ್ಟ ಅಕ್ಷರದ ರೂಪವೇ ಕಾರಣ ಹೇಳುತ್ತದೆ.

ಬರೀ ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ತಕ್ಷಣ ಎಲ್ಲರಿಗೂ ಬರೆಯುವುದನ್ನು ನಿಲ್ಲಿಸಲು ಹೇಳಿ. ಡೇಟಾಬೇಸ್‌ನ ಟೇಬಲ್ ಲ್ಯಾಟಿನ್ ಅಕ್ಷರಗಳಿಗೆ ಮಾತ್ರ ಸಜ್ಜಾಗಿದೆ. ಕನ್ನಡ ಬಂದಾಗ ಅದು ಪ್ರತಿ ಅಕ್ಷರದ ಬದಲು ಒಂದು ಪ್ರಶ್ನೆ ಚಿಹ್ನೆಯನ್ನೇ ಬರೆದಿಟ್ಟಿದೆ. ಅಂದರೆ ಆ ಬರಹ ಅಲ್ಲಿ ಇಲ್ಲವೇ ಇಲ್ಲ. ಸೆಟ್ಟಿಂಗ್ ಬದಲಿಸಿದರೆ ಮುಂದಿನದ್ದು ಸರಿಯಾಗುತ್ತದೆ, ಹೋದದ್ದು ಬರುವುದಿಲ್ಲ. ಹಳೆಯ ಬ್ಯಾಕಪ್ ಒಂದೇ ದಾರಿ, ಇಲ್ಲವೇ ವಿದ್ಯಾರ್ಥಿಯ ಫೋನ್‌ನಲ್ಲಿ ಉಳಿದ ಪ್ರತಿ.

ಪ್ರಶ್ನೆ ಚಿಹ್ನೆ ಅಲ್ಲದೆ, ತಲೆಯ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್‌ನ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಹೀಗೇ ಮತ್ತೆ ಮತ್ತೆ ಬಂದರೆ ಧೈರ್ಯ ತಂದುಕೊಳ್ಳಿ. ಬರಹ ಉಳಿದಿದೆ. ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರ ಬರೆದಿಡುವ ಕ್ರಮ) ಕನ್ನಡದ ಪ್ರತಿ ಅಕ್ಷರಕ್ಕೆ ಮೂರು ಬೈಟ್. ಅವನ್ನು ಯಾರೋ ಲ್ಯಾಟಿನ್ ಎಂದು ತಿಳಿದು ಓದುತ್ತಿದ್ದಾರೆ, ಅದಕ್ಕೇ ಹಾಗೆ ಕಾಣುತ್ತದೆ. ಸರ್ವರ್ ಬದಲಿಸಿದಾಗ, ಬ್ಯಾಕಪ್ ಮರಳಿ ಹಾಕಿದಾಗ ಇದು ಜಾಸ್ತಿ. ಕಾನ್ಫಿಗ್ ಫೈಲ್‌ನಲ್ಲಿ ಡೇಟಾಬೇಸ್‌ನ ಕ್ಯಾರೆಕ್ಟರ್ ಸೆಟ್ ಯಾವುದಿದೆ ನೋಡಿ. ಯುಟಿಎಫ್8ಎಂಬಿ4 ಇರಬೇಕು. ಟೇಬಲ್‌ಗಳನ್ನು ಪರಿವರ್ತಿಸುವ ಆದೇಶ ಓಡಿಸಬೇಕಾಗಿ ಬಂದರೆ ಮೊದಲು ಬ್ಯಾಕಪ್‌ನ ನಕಲಿನ ಮೇಲೆ ಓಡಿಸಿ. ತಪ್ಪು ಕ್ರಮದಲ್ಲಿ ಓಡಿಸಿದರೆ ಉಳಿದ ಬರಹವೂ ಹಾಳಾಗುತ್ತದೆ. ಕೈ ನಡುಗಿದರೆ ಇಲ್ಲೇ ನಿಲ್ಲಿಸಿ, ಡೇಟಾಬೇಸ್ ಗೊತ್ತಿರುವವರನ್ನು ಕರೆಯಿರಿ.

ಮೂರನೆಯದು ಸರ್ವರ್‌ಗೆ ಸಂಬಂಧವೇ ಇಲ್ಲದ್ದು. ಇಂಗ್ಲಿಷ್‌ನ ದೊಡ್ಡ ಸಣ್ಣ ಅಕ್ಷರಗಳು ಕಲಸಿಕೊಂಡು, ನಡುನಡುವೆ ಪೌಂಡ್ ಹಣದ ಚಿಹ್ನೆ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಹಳೆಯ ನುಡಿಯಲ್ಲಿ ಪೌಂಡ್ ಚಿಹ್ನೆಯ ಜಾಗದಲ್ಲಿ ಕೂತಿರುವುದು ನಮ್ಮ 'ನ'. ಅಧ್ಯಾಪಕರು ಟೈಪ್ ಮಾಡಿಸಿಟ್ಟ ಪ್ರಬಂಧವನ್ನು ವಿದ್ಯಾರ್ಥಿ ವರ್ಡ್‌ನಿಂದ ನಕಲು ಮಾಡಿ ತಂದಿರುತ್ತಾನೆ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಅದು ಕನ್ನಡ, ಬ್ರೌಸರ್‌ನಲ್ಲಿ ಅಲ್ಲ. ಇಂಥ ಹಳೆಯ ಆಸ್ಕಿ ಬರಹವನ್ನು ಎಲ್ಲೆಡೆ ಕಾಣುವ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ತಪ್ಪು ಉಳಿಯುವುದು ಅಲ್ಲೇ. ಹೊಸದಾಗಿ ಬರೆಯುವವರಿಗೆ ಯುನಿಕೋಡ್‌ನಲ್ಲೇ ಟೈಪ್ ಮಾಡಲು ಮೊದಲ ದಿನವೇ ಕಲಿಸಿ. ಫೋನ್‌ನಲ್ಲಿ ಬರೆಯುವವರಿಗೆ ಈ ಕಷ್ಟವೇ ಇಲ್ಲ.

ಅಕ್ಷರದ ಬದಲು ಖಾಲಿ ಚೌಕ ಕಂಡರೆ ನೋಡುತ್ತಿರುವ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೇ.

"ಲಿಂಕ್ ಕಳಿಸಿದ್ರ ಪರ್ಸೆಂಟೇಜ್ ಚಿಹ್ನೆ ಬರ್ತಾವ್ರಿ"

ಇದರ ಕಾರಣ ತಿಳಿದವರು ಕಡಿಮೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಲಿಂಕನ್ನೂ ಕನ್ನಡದಲ್ಲೇ ಮಾಡುತ್ತದೆ. ಆದರೆ ಉಳಿಸುವಾಗ ಒಂದೊಂದು ಕನ್ನಡ ಅಕ್ಷರವನ್ನೂ ಪರ್ಸೆಂಟ್ ಚಿಹ್ನೆ ಸೇರಿದ ಒಂಬತ್ತು ಅಕ್ಷರಗಳಾಗಿ ಬರೆಯುತ್ತದೆ. ಗುಣಿತದ ಚಿಹ್ನೆ, ಒತ್ತಿನ ನಡುವಿನ ಅರ್ಧಾಕ್ಷರದ ಚಿಹ್ನೆ (್) ಕೂಡ ಒಂದೊಂದು ಅಕ್ಷರ ಎಂದೇ ಲೆಕ್ಕ. ಲಿಂಕ್‌ನ ಈ ಭಾಗಕ್ಕೆ ಇರುವ ಜಾಗ 200 ಅಕ್ಷರ ಮಾತ್ರ.

"ನಮ್ಮ ಊರಿನ ಖಣದ ಮಗ್ಗಗಳು ಯಾಕೆ ನಿಂತವು" ಎಂಬ ಶೀರ್ಷಿಕೆ ತೆಗೆದುಕೊಳ್ಳಿ. 'ನಮ್ಮ' ನಾಲ್ಕು, 'ಊರಿನ' ನಾಲ್ಕು, 'ಖಣದ' ಮೂರು, 'ಮಗ್ಗಗಳು' ಏಳು. ಒಟ್ಟು 18, ಒಂಬತ್ತರಿಂದ ಗುಣಿಸಿದರೆ 162. ಪ್ರತಿ ಪದದ ಮುಂದಿನ ಅಡ್ಡಗೆರೆ ಸೇರಿದರೆ 166. ಮುಂದಿನ 'ಯಾಕೆ'ಗೆ 36 ಬೇಕು, ಉಳಿದಿರುವುದು 34. ಹಾಗಾಗಿ ಲಿಂಕ್ 'ಯಾಕ' ಎಂಬಲ್ಲಿ ಮುರಿಯುತ್ತದೆ, 'ನಿಂತವು' ಪೂರ್ತಿ ಹೋಗುತ್ತದೆ. ಲಿಂಕ್ ಕೆಲಸವೇನೋ ಮಾಡುತ್ತದೆ. ಆದರೆ ಉದ್ದ ಜಾಸ್ತಿ ಆಗಿ ನಕಲು ಮಾಡುವಾಗ ತುದಿ ತಪ್ಪುತ್ತದೆ, ತುದಿ ತಪ್ಪಿದರೆ 404.

ಪರಿಹಾರಕ್ಕೆ ಖರ್ಚಿಲ್ಲ. ಪ್ರಕಟಿಸುವ ಮುಂಚೆ ಲಿಂಕ್‌ನ ಪೆಟ್ಟಿಗೆಯಲ್ಲಿ ಎರಡು ಮೂರು ಪದದ ಚಿಕ್ಕ ಲಿಂಕ್ ಬರೆಯಲು ಹೇಳಿ. ಕನ್ನಡದಲ್ಲೇ ಬೇಕು ಅನ್ನುವವರು ಕನ್ನಡದಲ್ಲೇ ಇಡಲಿ, 'ಖಣದ-ಮಗ್ಗ' ಸಾಕು.

"ಫೋಟೋ ಏರವಲ್ದ್ರಿ"

ಫೋನ್‌ನ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಮಲ್ಟಿಸೈಟ್‌ನ ಮಾಮೂಲಿ ಮಿತಿ 1500 ಕೆಬಿ. ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿಯದ್ದು 2 ಎಂಬಿ, ಎಂಜಿನ್ಎಕ್ಸ್‌ನದ್ದು 1 ಎಂಬಿ. ಮೂರರಲ್ಲಿ ಯಾವುದು ಚಿಕ್ಕದೋ ಅದೇ ನಡೆಯುತ್ತದೆ. ಒಂದನ್ನು ಹೆಚ್ಚಿಸಿ ಉಳಿದೆರಡು ಬಿಟ್ಟರೆ ಪ್ರಯೋಜನವಿಲ್ಲ. ಪರದೆಯ ಮೇಲೆ 413 ಎಂದು ಬಂದರೆ ತಡೆದಿರುವುದು ಎಂಜಿನ್ಎಕ್ಸ್. ವರ್ಡ್‌ಪ್ರೆಸ್‌ನ ಅಡ್ಮಿನ್ ಒಳಗೇ ಕಡತ ದೊಡ್ಡದು ಎಂದು ಹೇಳಿದರೆ ನೆಟ್‌ವರ್ಕ್ ಸೆಟ್ಟಿಂಗ್ಸ್ ಮತ್ತು ಪಿಎಚ್‌ಪಿ ನೋಡಿ. ಪಿಎಚ್‌ಪಿ ಸೆಟ್ಟಿಂಗ್ ಬದಲಿಸಿದ ಮೇಲೆ ಅದನ್ನು ರೀಸ್ಟಾರ್ಟ್ ಮಾಡಬೇಕು. ಫೋಟೋದ ಬಗೆಯೇ ಅನುಮತಿಸಿದ ಪಟ್ಟಿಯಲ್ಲಿ ಇಲ್ಲದಿದ್ದರೂ ಏರುವುದಿಲ್ಲ. ಐಫೋನ್‌ನ ಎಚ್‌ಇಐಸಿ ಫೋಟೋಗಳಲ್ಲಿ ಇದು ಆಗಬಹುದು.

ಮಿತಿ ಹೆಚ್ಚಿಸುವುದಕ್ಕಿಂತ ಫೋಟೋ ಚಿಕ್ಕದು ಮಾಡಲು ಕಲಿಸುವುದು ಒಳ್ಳೆಯದು. ಇನ್ನೊಂದು ಕಾರಣವೂ ಇದೆ. ಫೋನ್‌ನ ಮೂಲ ಫೋಟೋದಲ್ಲಿ ತೆಗೆದ ಜಾಗದ ಗುರುತು ಅಡಗಿರಬಹುದು. ಮನೆಯಂಗಳದಲ್ಲಿ ತೆಗೆದ ಫೋಟೋ ಹಾಕಿದರೆ ಮನೆಯ ವಿಳಾಸವನ್ನೇ ಕೊಟ್ಟಂತೆ. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಲು ಎಲ್ಲರಿಗೂ, ಹೆಣ್ಣುಮಕ್ಕಳಿಗಂತೂ ಒತ್ತಿ ಹೇಳಿ.

"ಸೇಫ್ ಇಲ್ಲ ಅಂತ ಕೆಂಪು ತೋರಸ್ತೈತ್ರಿ"

ಲ್ಯಾಬ್‌ನ ಒಂದೇ ಕಂಪ್ಯೂಟರ್‌ನಲ್ಲಿ ಹೀಗಾದರೆ ಮೂಲೆಯಲ್ಲಿರುವ ಗಡಿಯಾರ ನೋಡಿ. ಹಳೆಯ ಯಂತ್ರದ ಮದರ್‌ಬೋರ್ಡ್‌ನ ಗುಂಡಿ ಸೆಲ್ ಸತ್ತರೆ, ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸೈಟ್ ಅಸಲಿ ಎಂದು ಹೇಳುವ ಸರ್ಟಿಫಿಕೇಟ್‌ಗಳೆಲ್ಲ ಬ್ರೌಸರ್‌ಗೆ ಸುಳ್ಳು ಅನಿಸುತ್ತವೆ. ಸಿಆರ್2032 ಸೆಲ್ ಬದಲಿಸಿದರೆ ಮುಗಿಯಿತು.

ಎಲ್ಲರಿಗೂ ಬಂದರೆ ಹೆಚ್ಚಾಗಿ ಸರ್ಟಿಫಿಕೇಟ್‌ನ ಅವಧಿ ಮುಗಿದಿರುತ್ತದೆ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಮಾಮೂಲಿ ಸರ್ಟಿಫಿಕೇಟ್‌ಗೆ 90 ದಿನ ಆಯುಷ್ಯ. ಎಲ್ಲ ಸಬ್‌ಡೊಮೇನ್‌ಗೂ ಒಂದೇ ಆಗುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಡಿಎನ್‌ಎಸ್ ಮೂಲಕವೇ ಸಿಗುತ್ತದೆ. ಮೊದಲ ಸಲ ಕೈಯಿಂದ ದಾಖಲೆ ಸೇರಿಸಿ ಪಡೆದಿದ್ದರೆ ಅದು ತಾನಾಗೇ ನವೀಕರಣ ಆಗುವುದಿಲ್ಲ, ಸರಿಯಾಗಿ ಮೂರು ತಿಂಗಳಿಗೆ ಬೀಳುತ್ತದೆ. ಸರಿಯಾಗುವ ತನಕ ಎಚ್ಚರಿಕೆ ದಾಟಿ ಪಾಸ್‌ವರ್ಡ್ ಹಾಕಬೇಡಿ ಎಂದು ಎಲ್ಲರಿಗೂ ತಿಳಿಸಿ.

"ಭಾಳ ಸ್ಲೋ ಐತ್ರಿ", "ಎಲ್ಲಾರಿಗೂ ಲಾಗಿನ್ ಬಂದ್ ಆತು"

ಒಂದು ಬ್ಲಾಗ್ ಮಾತ್ರ ನಿಧಾನ ಎಂದರೆ ಹೆಚ್ಚಾಗಿ ಅದರಲ್ಲಿ ದೊಡ್ಡ ಫೋಟೋಗಳಿರುತ್ತವೆ. ಎಲ್ಲವೂ ನಿಧಾನ ಎಂದರೆ ಪುಟ ಕ್ಯಾಶ್ (ಸಿದ್ಧ ಪುಟಗಳ ನಕಲು) ಇದೆಯೇ, ಪಿಎಚ್‌ಪಿಗೆ ಒಮ್ಮೆಗೆ ಎಷ್ಟು ಜನರನ್ನು ನೋಡಲು ಬಿಟ್ಟಿದ್ದೀರಿ, ಲಾಗಿನ್ ಪುಟಕ್ಕೆ ಬಾಟ್‌ಗಳು (ತಾನಾಗೇ ಓಡುವ ಪ್ರೋಗ್ರಾಂಗಳು) ಬಡಿಯುತ್ತಿವೆಯೇ ಎಂದು ಈ ಕ್ರಮದಲ್ಲೇ ನೋಡಿ. ಮಲ್ಟಿಸೈಟ್‌ನಲ್ಲಿ ಪ್ರತಿ ಬ್ಲಾಗ್‌ಗೆ ಹತ್ತು ಟೇಬಲ್ ಹುಟ್ಟುತ್ತವೆ. 300 ವಿದ್ಯಾರ್ಥಿಗಳೆಂದರೆ 3000 ಟೇಬಲ್. ಪಾಸಾಗಿ ಹೋದವರ ಬ್ಲಾಗ್‌ಗಳನ್ನು ಅವರಿಗೆ ಹೇಳದೆ ಅಳಿಸಬೇಡಿ. ಎಕ್ಸ್‌ಪೋರ್ಟ್ ಮಾಡಿ ಕೈಗೆ ಕೊಟ್ಟು, ಆಮೇಲೆ ಆರ್ಕೈವ್ ಮಾಡಿ.

ತರಗತಿ ನಡೆಯುವಾಗಲೇ ಇಡೀ ಲ್ಯಾಬ್‌ಗೆ ಲಾಗಿನ್ ನಿಂತು, ಮೊಬೈಲ್ ಡೇಟಾದಲ್ಲಿ ಮಾತ್ರ ಆದರೆ ಕಾರಣ ಹೆಚ್ಚಾಗಿ ಸೆಕ್ಯುರಿಟಿ ಪ್ಲಗಿನ್. ಹೊರಗಿನ ಸರ್ವರ್‌ಗೆ ಕಾಲೇಜಿನ ಎಲ್ಲ ಕಂಪ್ಯೂಟರ್‌ಗಳೂ ಒಂದೇ ಐಪಿ ವಿಳಾಸದಲ್ಲಿ ಕಾಣುತ್ತವೆ. ನಾಲ್ಕು ಜನ ಪಾಸ್‌ವರ್ಡ್ ತಪ್ಪು ಹಾಕಿದರೆ ಯಾರೋ ದಾಳಿ ಮಾಡುತ್ತಿದ್ದಾರೆ ಎಂದು ಎಲ್ಲರನ್ನೂ ತಡೆಯುತ್ತದೆ. ಕಾಲೇಜಿನ ವಿಳಾಸವನ್ನು ಅದರ ಅನುಮತಿ ಪಟ್ಟಿಗೆ ಸೇರಿಸಿ.

ಬರಹದ ಸಮಯ ಐದೂವರೆ ತಾಸು ಹಿಂದೆ ತೋರಿಸಿದರೆ ಟೈಮ್‌ಝೋನ್ ಯುಟಿಸಿಯಲ್ಲೇ ಇದೆ. ಆ ಬ್ಲಾಗ್‌ನ ಸೆಟ್ಟಿಂಗ್ಸ್‌ನಲ್ಲಿ ಕೋಲ್ಕತ್ತ ಆರಿಸಿ. ಗೊತ್ತು ಮಾಡಿಟ್ಟ ಹೊತ್ತಿಗೆ ಬರಹ ಪ್ರಕಟ ಆಗದಿದ್ದರೆ, ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ವರ್ಡ್‌ಪ್ರೆಸ್‌ನ ಕ್ರಾನ್ ಯಾರಾದರೂ ಬ್ಲಾಗ್‌ಗೆ ಬಂದಾಗ ಮಾತ್ರ ಓಡುತ್ತದೆ ಎಂಬುದು ಕಾರಣ. ಸರ್ವರ್‌ನ ಕ್ರಾನ್‌ಗೆ ಆ ಕೆಲಸ ಒಪ್ಪಿಸಿ.

"ಬ್ಲಾಗ್ ತೆಗೆದ್ರ ಜೂಜಿನ ಸೈಟ್ ಬರ್ತೈತ್ರಿ"

ಇಲ್ಲಿ ಒಂದೊಂದೇ ಪರೀಕ್ಷೆ ಮಾಡುತ್ತಾ ಹೋಗಬೇಡಿ. ನೇರ ನಿಲ್ಲಿಸಿ. ನಿಮಗೆ ಗೊತ್ತಿಲ್ಲದ ಸೂಪರ್ ಅಡ್ಮಿನ್ ಕಂಡರೂ, ಹುಡುಕಿದಾಗ ನಿಮ್ಮ ವಿಳಾಸದಲ್ಲಿ ಬೆಟ್ಟಿಂಗ್ ಪುಟಗಳು ಬಂದರೂ ಇದೇ ಮಾತು.

ಸರ್ವರ್ ಅನ್ನು ನೆಟ್‌ನಿಂದ ಬಿಡಿಸಿ, ಆದರೆ ಏನನ್ನೂ ಅಳಿಸಬೇಡಿ. ಲಾಗ್‌ಗಳ ನಕಲು ಬೇರೆ ಕಡೆ ಇಡಿ. ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್‌ನಿಂದ ಬದಲಿಸಿ. ಪ್ರಾಂಶುಪಾಲರಿಗೆ ಆಗಲೇ ತಿಳಿಸಿ. 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಇಂಥ ಘಟನೆಯನ್ನು ತಿಳಿದ 6 ತಾಸಿನೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದೂ ಅದರಲ್ಲೇ ಇದೆ. ಯಾವುದಾದರೂ ವಿದ್ಯಾರ್ಥಿಯ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಒಳಗೆ ಹೇಗೆ ಬಂದರು ಎಂದು ತಿಳಿಯದೆ ಹಳೆಯ ಬ್ಯಾಕಪ್ ಮರಳಿ ಹಾಕಿದರೆ ಅದೇ ಕಿಂಡಿಯಿಂದ ಮತ್ತೆ ಬರುತ್ತಾರೆ. ದುಡ್ಡಿನ ಥೀಮ್ ಪುಕ್ಕಟೆ ಸಿಕ್ಕಿತು ಎಂದು ಯಾರಾದರೂ ಹಾಕಿದ್ದರೆ ಹುಡುಕಾಟ ಅಲ್ಲಿಂದ ಶುರು ಮಾಡಿ.

ಹೊಸ ನೋಂದಣಿ ಎಲ್ಲರಿಗೂ ತೆರೆದಿಟ್ಟರೆ ವಿದ್ಯಾರ್ಥಿಗಳಿಗಿಂತ ಸ್ಪ್ಯಾಮ್ ಬ್ಲಾಗ್‌ಗಳೇ ಜಾಸ್ತಿ ಆಗುತ್ತವೆ. ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಕಾಲೇಜಿನ ಮೇಲ್ ಡೊಮೇನ್‌ಗೆ ಮಾತ್ರ ನೋಂದಣಿ ಸೀಮಿತ ಮಾಡುವ ಜಾಗ ಇದೆ, ಅದನ್ನು ತುಂಬಿ.

ಹೊರಗಿನವರನ್ನು ಕರೆಯುವಾಗ

ಡೇಟಾಬೇಸ್ ಟೇಬಲ್ ಹಾಳಾದಾಗ, ಡಿಸ್ಕ್‌ನಿಂದ ಟಿಕ್ ಟಿಕ್ ಶಬ್ದ ಬಂದಾಗ, ಯಾರೋ ಒಳಗೆ ನುಗ್ಗಿದಾಗ ತಿಳಿದವರನ್ನು ಕರೆಯುವುದೇ ಸರಿ. ಶಬ್ದ ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನದು ಉಳಿಯುವ ಆಸೆ ಕಡಿಮೆ.

ಅವರು ಬರುವ ಮುಂಚೆ ಇಷ್ಟು ಒಂದು ಹಾಳೆಯಲ್ಲಿ ಬರೆದಿಡಿ: ದೋಷ ಮೊದಲು ಕಂಡ ಹೊತ್ತು, ಪರದೆಯ ಮೇಲಿನ ಸಾಲು ಇದ್ದದ್ದು ಇದ್ದ ಹಾಗೆ, ಅದಕ್ಕೆ ಮುಂಚೆ ಏನು ಬದಲಾಗಿತ್ತು, ನೀವು ಏನೇನು ಮಾಡಿ ನೋಡಿದಿರಿ, ಕೊನೆಯ ಬ್ಯಾಕಪ್ ಯಾವತ್ತಿನದು. ಸೂಪರ್ ಅಡ್ಮಿನ್ ಪಾಸ್‌ವರ್ಡನ್ನು ಫೋನ್‌ನಲ್ಲಿ ಹೇಳಬೇಡಿ. ಅವರಿಗೆ ಅಂತ ಬೇರೆ ಖಾತೆ ಮಾಡಿಕೊಟ್ಟು, ಕೆಲಸ ಮುಗಿದ ದಿನವೇ ತೆಗೆದುಹಾಕಿ.